ತಾತನ ರ‍್ಯಾಲಿ ಸೈಕಲ್ಲಿಗೆ ಎಷ್ಟು ಕೇಳಬಹುದು?

ಪ್ರಶ್ನೆ: ನಮ್ಮ ತಾತ ತಿಪಟೂರು ತಾಲ್ಲೂಕಿನಲ್ಲಿ ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿದ್ದರು. 1952ರಲ್ಲಿ ಬೆಂಗಳೂರಿನಿಂದ ಕೊಂಡು ತಂದ ಅವರ ರ‍್ಯಾಲಿ ಸೈಕಲ್ಲು ಕೊಬ್ಬರಿ ಅಟ್ಟದ ಕೆಳಗೆ ಹಾಗೇ ನಿಂತಿದೆ. ಹಿಂದಿನ ಚಕ್ರದ ನಡುವೆ ಸ್ಟರ್ಮಿ ಆರ್ಚರ್ ಅಂತ ಬರೆದಿದೆ. ಜೊತೆಗೆ ಇಂಗ್ಲಿಷಿನಲ್ಲಿ ಎ ಡಬ್ಲ್ಯು, 51, 9 ಅಂತ ಕೊರೆದಿದೆ. ಗೇರು ಬದಲಾಗುತ್ತಿಲ್ಲ. ಸೀಟಿನ ಚರ್ಮ ಹರಿದಿದೆ. ಹಿಂದಿನ ರಿಮ್ಮು ಯಾವಾಗಲೋ ಬದಲಾಯಿಸಿದ್ದು. ಮಿಲ್ಲರ್ ಅಂತ ಹೆಸರಿರುವ ಡೈನಮೋ, ಲೈಟು ಇವೆ. ಆಯುಧಪೂಜೆಗೆ ಅಂತ ಎರಡು ಮೂರು ಸಲ ಬ್ರಷ್‌ನಲ್ಲಿ ಕಪ್ಪು ಬಣ್ಣ ಹೊಡೆದಿದ್ದಾರೆ. ಮುಂದಿನ ಹಕ್ಕಿ ಬಿಲ್ಲೆಯೂ ಅದರಲ್ಲಿ ಮುಚ್ಚಿಹೋಗಿದೆ. ಗುಜರಿಯವರು 2,500 ರೂಪಾಯಿಗೆ ಕೇಳಿದರು. ಮೊಬೈಲಿನಲ್ಲಿ ನೋಡಿದರೆ ಇಂಥದ್ದೇ ಒಂದಕ್ಕೆ ಒಂದೂವರೆ ಲಕ್ಷ ಹಾಕಿದ್ದಾರೆ! ಬಣ್ಣ ಹೊಡೆಸಿ ಮಾರಿದರೆ ಜಾಸ್ತಿ ಬರುತ್ತದೆ ಅಂತ ನನ್ನ ತಮ್ಮ ಡಬ್ಬ ತಂದಿಟ್ಟಿದ್ದಾನೆ. ಸರಿಯಾದ ಬೆಲೆ ಎಷ್ಟು? ಅಪ್ಪನ ಕಾಲದ ಒಂದು ಅಟ್ಲಾಸ್ ಕೂಡ ಇದೆ, ಅದಕ್ಕೆ?

ಉತ್ತರ: ಮೊದಲು ಆ ಗುಜರಿಯವರ ವಿಷಯ. ನಿಮ್ಮ ಸೈಕಲ್ಲು ಸುಮಾರು 20 ಕೆಜಿ ತೂಗಬಹುದು. ಹಳೇ ಕಬ್ಬಿಣಕ್ಕೆ ಕೆಜಿಗೆ ಮೂವತ್ತು ರೂಪಾಯಿ ಅಂತ ಹಿಡಿದರೂ 600 ರೂಪಾಯಿ ಆಯಿತು. 600 ರೂಪಾಯಿ ಕಬ್ಬಿಣಕ್ಕೆ ಯಾರೂ 2,500 ಕೊಡುವುದಿಲ್ಲ. ಅವರು ಬಗ್ಗಿ ಹಿಂದಿನ ಚಕ್ರ ನೋಡಿದರಾ? ನೋಡಿರುತ್ತಾರೆ. ನಿಮ್ಮ ಮನೆಯಲ್ಲಿ ಈ ಸೈಕಲ್ಲಿಗೆ ಮೊದಲು ಸರಿಯಾಗಿ ಬೆಲೆ ಕಟ್ಟಿದವರು ಅವರೇ. ಬೆಲೆಯನ್ನು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಒಂದೂವರೆ ಲಕ್ಷದ ಜಾಹೀರಾತು ಇದಕ್ಕೆ ಪೂರ್ತಿ ಉಲ್ಟಾ. ಅದು ಕೇಳಿದ ಬೆಲೆ, ಕೊಟ್ಟ ಬೆಲೆಯಲ್ಲ. ಆ ಜಾಹೀರಾತನ್ನು ಗುರುತು ಹಾಕಿಟ್ಟುಕೊಳ್ಳಿ. ಎರಡು ತಿಂಗಳು ಬಿಟ್ಟು ಮತ್ತೆ ನೋಡಿ. ಅದೇ ಫೋಟೋ, ಅದೇ ಬೆಲೆ ಅಲ್ಲೇ ಇದ್ದರೆ, ಆ ದುಡ್ಡಿಗೆ ಯಾರೂ ಕೊಂಡಿಲ್ಲ ಅಂತ ಗೊತ್ತಾಗುತ್ತದಲ್ವಾ? ನಾನು ಹೀಗೆ ಕಣ್ಣಿಟ್ಟಿದ್ದ ಒಂದು ಸೈಕಲ್ಲಿನ ಹಿಂದಿನ ಗೋಡೆಗೆ ಮಾಲೀಕರು ಸುಣ್ಣ ಬಳಿಸಿದರು, ಹೊಸ ಫೋಟೋ ಹಾಕಿದರು. ಬೆಲೆ ಮಾತ್ರ ಹಾಗೇ ಇತ್ತು.

'ಎಪ್ಪತ್ತು ವರ್ಷ ಹಳೆಯದು, ಹಾಗಾಗಿ ಅಪರೂಪ' ಅನ್ನುವ ಲೆಕ್ಕವನ್ನೂ ಬಿಟ್ಟುಬಿಡಿ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಊರಿನ ರ‍್ಯಾಲಿ ಕಾರ್ಖಾನೆ 1950ರ ದಶಕದ ಆರಂಭದಲ್ಲಿ ವರ್ಷಕ್ಕೆ ಹತ್ತು ಲಕ್ಷದಷ್ಟು ಸೈಕಲ್ಲು ಮಾಡುತ್ತಿತ್ತು. ಅವು ಆಫ್ರಿಕಾಕ್ಕೂ ಹೋದವು, ಇಂಡಿಯಾಕ್ಕೂ ಬಂದವು. ಕಬ್ಬಿಣ ದಪ್ಪ, ಬೆಸುಗೆ ಗಟ್ಟಿ, ಬೇಗ ಸಾಯುವ ಜಾತಿಯಲ್ಲ. ಹಾಗಾಗಿ ಸಾವಿರಗಟ್ಟಲೆ ಉಳಿದಿವೆ. ಅಪರೂಪ ಯಾವುದು ಅಂದರೆ, ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಹಾಗೇ ಇರುವುದು. ನಮ್ಮಲ್ಲಿ ಸೈಕಲ್ಲನ್ನು ಯಾರು ಹಾಗೆ ಇಟ್ಟಿದ್ದಾರೆ ಹೇಳಿ? ಸೀಟು ಹೋದರೆ ಪೇಟೆಯಲ್ಲಿ ಸಿಕ್ಕ ಸೀಟು. ಪೆಡಲ್ ಹೋದರೆ ಸಿಕ್ಕ ಪೆಡಲ್. ಚೈನ್ ಕವರ್ ಗಲಗಲ ಅಂದರೆ ಬಿಚ್ಚಿ ಕೊಟ್ಟಿಗೆಗೆ ಬಿಸಾಕುವುದು. ದಸರಾ ಬಂದರೆ ಬಣ್ಣ. ಇದೆಲ್ಲ ಸಹಜವೇ, ದುಡಿಯುವ ವಸ್ತುವಾಗಿತ್ತು ಅದು. ಆದರೆ ಇವತ್ತು ಕೊಳ್ಳುವವರು ದುಡ್ಡು ಕೊಡುವುದು ಹೀಗೆ ಬದಲಾಗದೆ ಉಳಿದ ಭಾಗಗಳಿಗೆ.

ಈಗ ನಿಮ್ಮ ಸೈಕಲ್ಲಿಗೆ ಬರೋಣ. ಹಿಂದಿನ ಚಕ್ರದ ನಡುವಿನ ಹಬ್ ಮೇಲೆ ನೀವು ಓದಿದ್ದೀರಲ್ಲ, ಅದು ಒಳ್ಳೇ ಸುಳಿವು. ಸ್ಟರ್ಮಿ ಆರ್ಚರ್ ಕೂಡ ನಾಟಿಂಗ್‌ಹ್ಯಾಮ್‌ದೇ, ರ‍್ಯಾಲಿಯ ಮನೆಯದೇ ಕಂಪನಿ. ಎ ಡಬ್ಲ್ಯು ಅನ್ನುವುದು ಅವರ ಮೂರು ಗೇರಿನ ಹಬ್. 1930ರ ದಶಕದಲ್ಲಿ ಬಂತು, ಆಮೇಲೆ ದಶಕಗಟ್ಟಲೆ ಹೆಚ್ಚು ಬದಲಾಗದೆ ನಡೆಯಿತು. ಅದರ ಮೇಲೆ ತಯಾರಾದ ವರ್ಷ, ತಿಂಗಳು ಕೊರೆಯುತ್ತಿದ್ದರು. 51, 9 ಅಂದರೆ 1951ರ ಸೆಪ್ಟೆಂಬರ್. ಅಲ್ಲಿಂದ ಹಡಗು ಹತ್ತಿ, ಬಂದರಿನಲ್ಲಿ ಇಳಿದು, ಬೆಂಗಳೂರಿನ ಅಂಗಡಿಗೆ ಬಂದು, ನಿಮ್ಮ ತಾತ 1952ರಲ್ಲಿ ಕೊಂಡರು ಅಂದರೆ ಲೆಕ್ಕ ಚೆನ್ನಾಗಿ ಕೂಡುತ್ತದೆ. ಮನೆಯಲ್ಲಿ ಹೇಳುವ ಕಥೆಗೂ ಕಬ್ಬಿಣದ ಮೇಲಿನ ನಂಬರಿಗೂ ಹೀಗೆ ತಾಳೆ ಆಗುವುದು ಕಡಿಮೆ. ಎಷ್ಟೋ ಮನೆಗಳಲ್ಲಿ 'ಬ್ರಿಟಿಷರ ಕಾಲದ್ದು' ಅಂತಾರೆ, ಹಬ್ ಒರೆಸಿದರೆ 64 ಅಂತ ಬರುತ್ತದೆ.

ಗೇರಿನ ಸೈಕಲ್ಲು ಅನ್ನುವುದೇ ಒಂದು ಪ್ಲಸ್ಸು. ಆ ಕಾಲದಲ್ಲಿ ನಮ್ಮ ಕಡೆ ಬಂದವುಗಳಲ್ಲಿ ಗೇರಿಲ್ಲದವೇ ಜಾಸ್ತಿ. ಮೇಷ್ಟ್ರ ಸಂಬಳದಲ್ಲಿ ಗೇರಿನ ರ‍್ಯಾಲಿ ಕೊಳ್ಳುವುದು ಸಣ್ಣ ಮಾತಲ್ಲ. ನಿಮ್ಮ ತಾತ ಶೋಕಿಯವರಿರಬೇಕು. ಇಲ್ಲಾ, ಸ್ಕೂಲಿನ ದಾರಿಯಲ್ಲಿ ದಿಬ್ಬ ಇದ್ದಿರಬೇಕು.

ಆದರೆ ಸೈಕಲ್ಲು ಇಂಗ್ಲೆಂಡಿನದೇ ಅನ್ನಲು ಹಬ್ ಒಂದೇ ಸಾಕ್ಷಿಯಾಗುವುದಿಲ್ಲ. ಯಾಕೆ ಅಂದರೆ, ಹೆಚ್ಚುಕಡಿಮೆ ಅದೇ ಹೊತ್ತಿಗೆ ಬಂಗಾಳದ ಆಸನ್ಸೋಲ್‌ನಲ್ಲಿ ಸೇನ್ ರ‍್ಯಾಲಿ ಕಾರ್ಖಾನೆ ಶುರುವಾಯಿತು. ನಾಟಿಂಗ್‌ಹ್ಯಾಮ್‌ನವರ ಜೊತೆ ಸೇರಿ ನಮ್ಮವರು ಮಾಡಿದ್ದು. ಮದ್ರಾಸಿನ ಅಂಬತ್ತೂರಿನಲ್ಲಿ ಟಿಐ ಸೈಕಲ್ಸ್‌ನವರು ಹರ್ಕ್ಯುಲಿಸ್ ಮಾಡತೊಡಗಿದರು, ಆಮೇಲೆ ಫಿಲಿಪ್ಸ್, ಬಿಎಸ್‌ಎ ಹೆಸರುಗಳೂ ಅಲ್ಲಿಂದಲೇ ಬಂದವು. ಸೋನಿಪತ್‌ನಲ್ಲಿ ಅಟ್ಲಾಸ್, ಲೂಧಿಯಾನದಲ್ಲಿ ಹೀರೋ ಎದ್ದವು. ದೇಶದಲ್ಲೇ ತಯಾರಿ ಕುದುರಿದ ಮೇಲೆ ಹೊರಗಿನಿಂದ ತರಿಸುವುದು ಹೆಚ್ಚುಕಡಿಮೆ ನಿಂತೇಹೋಯಿತು. ಹಾಗಾಗಿ ನಮ್ಮ ಹಳ್ಳಿಗಳಲ್ಲಿ 'ಇಂಗ್ಲೆಂಡಿನ ರ‍್ಯಾಲಿ' ಅಂತ ಇಟ್ಟುಕೊಂಡಿರುವ ಎಷ್ಟೋ ಸೈಕಲ್ಲುಗಳ ಹುಟ್ಟೂರು ಆಸನ್ಸೋಲ್. ಅವೂ ಒಳ್ಳೇ ಸೈಕಲ್ಲುಗಳೇ, ಓಡಿಸುವವನಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಕೊಳ್ಳುವ ಹುಚ್ಚು ಇರುವವನಿಗೆ ಗೊತ್ತಾಗುತ್ತದೆ. ಬೆಲೆ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಇದನ್ನು ತೀರ್ಮಾನ ಮಾಡುವುದು ಬಣ್ಣದಲ್ಲಿ ಮುಚ್ಚಿಹೋದ ಆ ಹಕ್ಕಿ ಬಿಲ್ಲೆ. ಹಕ್ಕಿ ಅಂದರೆ ಬಕ, ರ‍್ಯಾಲಿಯ ಗುರುತು. ಬಿಲ್ಲೆಯಲ್ಲಿ ನಾಟಿಂಗ್‌ಹ್ಯಾಮ್, ಇಂಗ್ಲೆಂಡ್ ಅಂತ ಇದೆಯಾ, ಸೇನ್ ರ‍್ಯಾಲಿ ಅಂತ ಇದೆಯಾ ನೋಡಬೇಕು. ಪೆಡಲ್ ಬಳಿಯ ದೊಡ್ಡ ಹಲ್ಲಿನ ಚಕ್ರದಲ್ಲೂ ಬಕದ ತಲೆ ಕತ್ತರಿಸಿದ ಹಾಗೆ ಡಿಸೈನ್ ಇದ್ದರೆ ಚೆನ್ನ. ಬಿಲ್ಲೆಗೆ ಹೊಡೆದಿರುವ ರಿವೆಟ್ ಗಮನಿಸಿ. ಬಿಲ್ಲೆ ಹಳೆಯದಾಗಿ ರಿವೆಟ್ ಮಾತ್ರ ಹೊಳೆಯುತ್ತಿದ್ದರೆ, ಬೇರೆ ಎಲ್ಲಿಂದಲೋ ತಂದು ಕೂರಿಸಿದ್ದಾರೆ ಅಂತ. ನಿಮ್ಮದರಲ್ಲಿ ಆ ಭಯ ಇಲ್ಲ, ಮನೆಯಿಂದ ಆಚೆ ಹೋಗದ ಸೈಕಲ್ಲು. ಫ್ರೇಮಿನ ನಂಬರ್ ಸೀಟಿನ ಕಂಬ ಇಳಿಯುವ ಜೋಡಿನ ಹತ್ತಿರ ಇರಬಹುದು, ಇಲ್ಲಾ ಪೆಡಲ್ ಕೂರುವ ಜಾಗದ ಕೆಳಗೆ. ಬರೆದಿಟ್ಟುಕೊಳ್ಳಿ. ಆದರೆ ಆ ನಂಬರಿನಿಂದ ವರ್ಷ ಹೇಳುತ್ತೇನೆ ಅನ್ನುವವರನ್ನು ಜಾಸ್ತಿ ನಂಬಬೇಡಿ. ಹಬ್ಬಿನಷ್ಟು ಖಚಿತವಾಗಿ ಅದು ಹೇಳುವುದಿಲ್ಲ.

ಬಿಲ್ಲೆ ಒರೆಸುವುದು ಹೇಗೆ? ಇಲ್ಲಿ ನಿಮ್ಮ ತಮ್ಮನ ಡಬ್ಬದ ವಿಷಯವೂ ಬರುತ್ತದೆ. ದಯವಿಟ್ಟು ಅದನ್ನು ಮುಚ್ಚಿಡಲು ಹೇಳಿ. ರ‍್ಯಾಲಿಯ ಮೂಲ ಬಣ್ಣ ಬ್ರಷ್ಷಿನಲ್ಲಿ ಬಳಿದದ್ದಲ್ಲ, ಕಾರ್ಖಾನೆಯ ಒಲೆಯಲ್ಲಿ ಬಿಸಿ ಮಾಡಿ ಗಟ್ಟಿ ಮಾಡಿದ್ದು. ಅದಕ್ಕೇ ಎಪ್ಪತ್ತು ವರ್ಷ ಆದರೂ ಗಾಜಿನ ಹಾಗೆ ಹೊಳೆಯುತ್ತದೆ. ಅದರ ಮೇಲೆ ಬಂಗಾರದ ಬಣ್ಣದ ಸಣ್ಣ ಗೆರೆಗಳಿರುತ್ತವೆ, ಹೆಸರಿನ ಅಚ್ಚು ಇರುತ್ತದೆ. ಆಯುಧಪೂಜೆಯ ಬಣ್ಣ ಇದರ ಮೇಲೆ ಪದರದ ಹಾಗೆ ಕೂತಿರುತ್ತದೆ, ಒಳಗೆ ಇಳಿದಿರುವುದಿಲ್ಲ. ಸೀಟಿನ ಕ್ಲಿಪ್ಪಿನ ಕೆಳಗೆ, ಚೈನ್ ಕವರ್ ಹಿಂದೆ ಇಣುಕಿ ನೋಡಿ. ಬ್ರಷ್ ತಲುಪದ ಆ ಜಾಗದಲ್ಲಿ ಮೂಲ ಬಣ್ಣ ಇದ್ದೇ ಇರುತ್ತದೆ.

ಹಳೇ ಬನಿಯನ್ ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಮೊದಲು ಜಿಡ್ಡು ತೆಗೆಯಿರಿ. ಸೀಮೆಎಣ್ಣೆ ಸಿಗುವುದು ಕಷ್ಟವಾದರೆ ಡೀಸೆಲ್ ಆದರೂ ನಡೆಯುತ್ತದೆ. ಆಮೇಲೆ ಅವಧಿ ಮುಗಿದ ಎಟಿಎಂ ಕಾರ್ಡಿನ ಅಂಚಿನಿಂದ, ಕಾಣದ ಮೂಲೆಯಲ್ಲಿ, ಮೇಲಿನ ಬಣ್ಣವನ್ನು ಮೆಲ್ಲಗೆ ಕೆರೆಯಿರಿ. ಹಪ್ಪಳದ ಹಾಗೆ ಎದ್ದು ಬಂದರೆ ನಿಮ್ಮ ಅದೃಷ್ಟ. ಅದೇ ರೀತಿ ಬಿಲ್ಲೆಯನ್ನೂ ಬಿಡಿಸಬಹುದು. ಬರಲಿಲ್ಲ ಅಂದರೆ ಹಾಗೇ ಬಿಡಿ. ಬ್ಲೇಡು, ಉಪ್ಪುಕಾಗದ, ಥಿನ್ನರ್, ಪೇಂಟ್ ತೆಗೆಯುವ ಆಸಿಡ್ಡು ಯಾವುದೂ ಬೇಡ. ಅವು ಮೇಲಿನ ಬಣ್ಣದ ಜೊತೆ ಬಂಗಾರದ ಗೆರೆಯನ್ನೂ ತಿಂದುಹಾಕುತ್ತವೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನನ್ನ ಹತ್ತಿರ ಒಂದು ಹಂಬರ್ ಸೈಕಲ್ಲು ಇತ್ತು. ಮುಂದಿನ ಫೋರ್ಕಿನ ಪ್ರತಿ ಕಡೆಗೂ ಎರಡೆರಡು ಕೊಳವೆ ಇರುತ್ತದಲ್ಲ, ಆ ಜಾತಿ. ಚೆನ್ನಾಗಿ ಕಾಣಲಿ ಅಂತ ಪೀಣ್ಯದಲ್ಲಿ ಪೌಡರ್ ಕೋಟಿಂಗ್ ಮಾಡಿಸಿದೆ. ಫ್ರಿಜ್ ಬಾಗಿಲಿನ ಹಾಗೆ ಲಕಲಕ ಅಂತು. ಮೊದಲೇ ಒಪ್ಪಿಕೊಂಡಿದ್ದ ಗಿರಾಕಿ ಮೈಸೂರಿನಿಂದ ಬಂದು ನೋಡಿ, ಕಾಫಿ ಕುಡಿದು, ಸುಮ್ನೆ ಎದ್ದು ಹೋದರು. ಆಮೇಲೆ ಅದನ್ನು ಮಾರಿದ್ದು ಒಂದು ಹೋಟೆಲಿನವರಿಗೆ, ಗೋಡೆಗೆ ನೇತುಹಾಕಲು, ಮೈಸೂರಿನವರು ಒಪ್ಪಿದ್ದರ ಅರ್ಧಕ್ಕಿಂತ ಕಡಿಮೆ ದುಡ್ಡಿಗೆ. ಕೋಟಿಂಗ್‌ಗೆ ಕೊಟ್ಟ ದುಡ್ಡು ಬೇರೆ. ಯಾರನ್ನೂ ಬಯ್ಯುವ ಹಾಗಿಲ್ಲ, ನಾನೇ ಹೇಳಿ ಮಾಡಿಸಿದ್ದು.

ಬೆಲೆಯನ್ನು ನಿಜಕ್ಕೂ ಮುಳುಗಿಸುವ ಇನ್ನೊಂದು ವಿಷಯ ಫ್ರೇಮು. ಟೈರು, ಟ್ಯೂಬು, ಬ್ರೇಕಿನ ರಬ್ಬರು ಹೋಗಿದ್ದರೆ ಚಿಂತೆ ಬೇಡ. 28 ಇಂಚಿನ, ಒಂದೂವರೆ ಇಂಚು ಅಗಲದ ಟೈರು ಇವತ್ತಿಗೂ ಯಾವ ತಾಲ್ಲೂಕು ಪೇಟೆಯಲ್ಲಾದರೂ ಸಿಗುತ್ತದೆ. ಎರಡೂ ಚಕ್ರಕ್ಕೆ ಸಾವಿರ ರೂಪಾಯಿ ಆಸುಪಾಸು. ಫ್ರೇಮು ಹಾಗಲ್ಲ. ಮುಂದಿನ ಚಕ್ರ ಎಲ್ಲಾದರೂ ಜೋರಾಗಿ ಗುದ್ದಿದ್ದರೆ, ಹ್ಯಾಂಡಲ್ ಕೆಳಗಿನ ಜೋಡಿನ ಹಿಂದೆ, ಕೆಳಗಿನ ಬಾರಿನ ತಳಭಾಗದಲ್ಲಿ ಬಣ್ಣ ಸುಕ್ಕಾಗಿರುತ್ತದೆ. ಅಲ್ಲಿ ಬೆರಳಾಡಿಸಿ. ಉಬ್ಬು ಸಿಕ್ಕರೆ ಕೊಳವೆ ಮಡಿಚಿದೆ ಅಂತ ಅರ್ಥ. ಜೋಡಿನ ಹತ್ತಿರ ಗ್ಯಾಸ್ ವೆಲ್ಡಿಂಗ್ ಗಂಟುಗಳಿವೆಯಾ ನೋಡಿ. ಹಳೇ ಕಾಲದ ಹಿತ್ತಾಳೆ ಬೆಸುಗೆ ನಯವಾಗಿ, ಗೆರೆ ಎಳೆದ ಹಾಗಿರುತ್ತದೆ. ಹುಣಸೆ ಬೀಜ ಅಂಟಿಸಿದ ಹಾಗಿದ್ದರೆ ಅದು ಆಮೇಲಿನ ರಿಪೇರಿ.

ಫ್ರೇಮು ನೆಟ್ಟಗಿದೆಯಾ ಅಂತ ನೋಡಲು ದಾರ ಸಾಕು. ಹಿಂದಿನ ಆಕ್ಸಲ್ಲಿನ ಒಂದು ತುದಿಗೆ ದಾರ ಕಟ್ಟಿ, ಮುಂದೆ ಎಳೆದು, ಹಕ್ಕಿ ಬಿಲ್ಲೆ ಇರುವ ಕೊಳವೆಯನ್ನು ಬಳಸಿಕೊಂಡು, ಇನ್ನೊಂದು ಪಕ್ಕದಿಂದ ವಾಪಸ್ ತಂದು ಆಕ್ಸಲ್ಲಿನ ಇನ್ನೊಂದು ತುದಿಗೆ ಬಿಗಿಯಾಗಿ ಕಟ್ಟಿ. ಈಗ ಸೀಟಿನ ಕೆಳಗಿನ ಕೊಳವೆಗೂ ದಾರಕ್ಕೂ ಎಷ್ಟು ಸಂದು ಇದೆ ಅಂತ ಎರಡೂ ಪಕ್ಕ ಸ್ಕೇಲಿನಲ್ಲಿ ಅಳೆಯಿರಿ. ಹೆಚ್ಚುಕಡಿಮೆ ಒಂದೇ ಬಂದರೆ ಸರಿ. ಒಂದೆರಡು ಮಿಲಿಮೀಟರ್ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಒಂದು ಬೆರಳಿನಷ್ಟು ವ್ಯತ್ಯಾಸ ಬಂದರೆ ಫ್ರೇಮು ಸೊಟ್ಟ. ಆಗ ಅದು ಸೈಕಲ್ಲಾಗಿ ಹೋಗುವುದಿಲ್ಲ, ಬಿಡಿಭಾಗಗಳ ಗಂಟಾಗಿ ಹೋಗುತ್ತದೆ.

ತುಕ್ಕಿನ ವಿಷಯದಲ್ಲಿ ನಿಮಗೆ ಕೊಬ್ಬರಿ ಕಾಪಾಡಿರಬಹುದು. ಕೊಬ್ಬರಿ ಅಟ್ಟ ಅಂದರೆ ಹತ್ತು ಹನ್ನೊಂದು ತಿಂಗಳು ಕಾಯಿ ಒಣಗುವ ಜಾಗ. ಅಲ್ಲಿ ತೇವ ಬಿಟ್ಟುಕೊಳ್ಳುವುದಿಲ್ಲ. ಮಲೆನಾಡಿನ ಕೊಟ್ಟಿಗೆಯಿಂದ, ಕರಾವಳಿಯ ಜಗಲಿಯಿಂದ ಬರುವ ಸೈಕಲ್ಲುಗಳ ಗತಿ ನೋಡಿದರೆ ನಿಮ್ಮದು ಪುಣ್ಯ ಮಾಡಿದೆ. ಆದರೂ ಸೀಟಿನ ಕಂಬದ ಸಂದಿನಿಂದ ನೀರು ಇಳಿದು ಪೆಡಲ್ ಕೂರುವ ಜಾಗದಲ್ಲಿ ನಿಂತು ಒಳಗಿನಿಂದ ತಿನ್ನುತ್ತದೆ. ಅಲ್ಲಿ ಕೆಳಗಿನಿಂದ ನೋಡಿ. ತೂತು ಬಿದ್ದಿಲ್ಲ ಅಂದರೆ ಸಾಕು.

ಹಾಗೇ ಸೀಟಿನ ಕಂಬ, ಹ್ಯಾಂಡಲ್ ಅಲ್ಲಾಡುತ್ತವಾ ಅಂತ ನೋಡಿ. ತುಕ್ಕಿನಿಂದ ಹಿಡಿದುಕೊಂಡಿದ್ದರೆ ಸುತ್ತಿಗೆ ತಗೊಳ್ಳಬೇಡಿ. ಎಣ್ಣೆ ಬಿಟ್ಟು ಒಂದು ವಾರ ಕಾಯಿರಿ. ಪೆಡಲ್ ತೋಳನ್ನು ಹಿಡಿದಿಡುವ ಕಾಟರ್ ಪಿನ್ನಿಗೂ ಇದೇ ಮಾತು. ಊರಿನ ಶಾಪಿನವರು 'ಎಲ್ಲ ಬಿಚ್ಚಿ ಹೊಸ ಬಾಲ್ಸು ಹಾಕಿಕೊಡ್ತೀನಿ' ಅಂದರೆ ಬೇಡ ಅನ್ನಿ. ರ‍್ಯಾಲಿಯವರ ಪೆಡಲ್ ಆಕ್ಸಲ್ಲಿನ ಬಟ್ಟಲುಗಳ ಥ್ರೆಡ್ಡು ಅವರದೇ, ಇಂಚಿಗೆ 26 ಸುತ್ತು. ಬೇರೆ ಸೈಕಲ್ಲುಗಳದು ಸಾಮಾನ್ಯವಾಗಿ 24. ನೋಡಲು ಒಂದೇ ಥರ ಇರುತ್ತವೆ. ಪೇಟೆಯ ಬಟ್ಟಲನ್ನು ಒತ್ತಾಯದಿಂದ ತಿರುಗಿಸಿದರೆ ಫ್ರೇಮಿನ ಥ್ರೆಡ್ಡೇ ಕೊಚ್ಚಿಹೋಗುತ್ತದೆ.

ಗೇರು ಬೀಳುತ್ತಿಲ್ಲ ಅಂದಿರಿ. ಅದಕ್ಕೆ ಹೆದರಿ ಬೆಲೆ ಇಳಿಸಬೇಡಿ. ಎ ಡಬ್ಲ್ಯು ಹಬ್ ಸುಲಭಕ್ಕೆ ಕೆಡುವ ಸಾಮಾನಲ್ಲ. ಹತ್ತರಲ್ಲಿ ಏಳೆಂಟು ಸಲ ಒಳಗಿನ ಹಳೇ ಎಣ್ಣೆ ಅಂಟಾಗಿ ಗಟ್ಟಿಯಾಗಿರುತ್ತದೆ, ಇಲ್ಲಾ ತಂತಿ ಸಡಿಲವಾಗಿರುತ್ತದೆ. ಹಬ್ಬಿನ ಮೇಲೆ ಒಂದು ಪುಟ್ಟ ಮುಚ್ಚಳ ಇರುತ್ತದೆ, ಎಣ್ಣೆ ಬಿಡಲು ಅಂತಲೇ ಮಾಡಿದ್ದು. ಎರಡು ಚಮಚ ತೆಳು ಎಂಜಿನ್ ಆಯಿಲ್ ಬಿಡಿ, ಚಕ್ರ ತಿರುಗಿಸಿ, ರಾತ್ರಿ ಬಿಡಿ, ಬೆಳಿಗ್ಗೆ ಮತ್ತೆ ತಿರುಗಿಸಿ. ತಿಪಟೂರಿನವರು ಅಂತ ಕೊಬ್ಬರಿ ಎಣ್ಣೆ ಬಿಡಬೇಡಿ, ಚಳಿಗೆ ಹೆಪ್ಪುಗಟ್ಟುತ್ತದೆ! ಗ್ರೀಸು ಕೂಡ ಬೇಡ. ಬಲಗಡೆ ಆಕ್ಸಲ್ಲಿನ ತೂತಿನಿಂದ ಒಂದು ಸಣ್ಣ ಚೈನು ಹೊರಗೆ ಬಂದು ಗೇರಿನ ತಂತಿಗೆ ಸೇರುತ್ತದೆ. ಅದು ಇದೆಯಾ, ಮುರಿದಿಲ್ಲವಾ ನೋಡಿ. ಹ್ಯಾಂಡಲ್ ಮೇಲೆ ಗೇರು ಬದಲಿಸುವ ಲಿವರ್ ಇದ್ದರೆ ಇನ್ನೂ ಒಳ್ಳೆಯದು. ಮೂರೂ ಗೇರು ಬೀಳತೊಡಗಿದರೆ ಒಂದು ವಿಡಿಯೋ ಮಾಡಿಟ್ಟುಕೊಳ್ಳಿ. ಆ ಅರ್ಧ ನಿಮಿಷದ ವಿಡಿಯೋಗೆ ಮೂರು ನಾಲ್ಕು ಸಾವಿರ ಬೆಲೆ ಇದೆ.

ಸೀಟು ಯಾವುದು ಅಂತ ನೀವು ಬರೆದಿಲ್ಲ. ಹಿಂಭಾಗದಲ್ಲಿ, ಪಕ್ಕದಲ್ಲಿ ಬ್ರೂಕ್ಸ್ ಅಂತ ಇದೆಯಾ ನೋಡಿ. ಬರ್ಮಿಂಗ್‌ಹ್ಯಾಮ್‌ನ ಕಂಪನಿ, ಚರ್ಮದ ಸೀಟಿಗೆ ಹೆಸರುವಾಸಿ. ಚರ್ಮ ಹರಿದಿದ್ದರೂ ಅದರ ಸ್ಪ್ರಿಂಗು, ಕಂಬಿ, ಹೆಸರಿನ ತಗಡು ಮಾರಾಟ ಆಗುತ್ತವೆ. ಹೊಸ ಚರ್ಮ ಹೊಲಿದುಕೊಡುವವರು ಇದ್ದಾರೆ, ಆದರೆ ಅದು ಕೊಳ್ಳುವವರ ಕೆಲಸ, ನೀವು ಕೈ ಹಾಕಬೇಡಿ. ಮಿಲ್ಲರ್ ಲೈಟೂ ಬರ್ಮಿಂಗ್‌ಹ್ಯಾಮ್‌ದೇ. ಗಾಜು ಒಡೆಯದೆ ಇದ್ದರೆ, ಡೈನಮೋ ತಿರುಗಿದಾಗ ಮಿಣುಕಿದರೆ ಒಳ್ಳೇ ಜೊತೆ.

ಹಿಂದಿನ ರಿಮ್ಮು ಬದಲಾಗಿದ್ದು ದೊಡ್ಡ ನಷ್ಟ ಅಲ್ಲ. ಕಡ್ಡಿ ಎಣಿಸಿ ನೋಡಿ. ಮುಂದೆ 32, ಹಿಂದೆ 40 ಇರಬೇಕು. ಕಂಬಿ ಬ್ರೇಕು ಹಾಗೇ ಇದೆ ತಾನೇ? ಅದನ್ನು ತೆಗೆಸಿ ತಂತಿ ಬ್ರೇಕು ಹಾಕಿಸಿದ್ದರೆ ಮಾತ್ರ ಬೇಜಾರು, ಆ ಕಂಬಿಗಳನ್ನು ಸೆಟ್ಟಾಗಿ ಹುಡುಕುವುದು ತಲೆನೋವು.

ಇನ್ನೊಂದು ಕೆಲಸ ಮಾಡಿ. ತಾತನ ಟ್ರಂಕು ತೆಗೆಯಿರಿ. ಮೇಷ್ಟ್ರುಗಳು ಕಾಗದ ಬಿಸಾಕುವವರಲ್ಲ. ಕೊಂಡ ಅಂಗಡಿಯ ಬಿಲ್ಲು ಸಿಗಬಹುದು. ಆ ಕಾಲದಲ್ಲಿ ಸೈಕಲ್ಲಿಗೂ ತೆರಿಗೆ ಇತ್ತು. ಪುರಸಭೆ, ಪಂಚಾಯ್ತಿಯವರು ಕೊಡುತ್ತಿದ್ದ ಸಣ್ಣ ತಗಡಿನ ಬಿಲ್ಲೆ, ರಸೀತಿ ಸಿಗಬಹುದು. ಸೈಕಲ್ ಹಿಡಿದು ನಿಂತ ಫೋಟೋ ಸಿಕ್ಕರಂತೂ ಕೇಳಲೇಬೇಡಿ. ಇಂಥ ಎರಡು ಮೂರು ಚೂರುಗಳು ಜೊತೆಗಿದ್ದರೆ ಕೊಳ್ಳುವವರು ಚೌಕಾಸಿಯ ಧಾಟಿಯೇ ಬದಲಾಯಿಸುತ್ತಾರೆ. ಫೋಟೋ ಕೊಡಬೇಕಾಗಿಲ್ಲ, ಕಾಪಿ ಕೊಟ್ಟರೆ ಸಾಕು.

ಈಗ ದುಡ್ಡಿನ ಲೆಕ್ಕ. ಇದು ನಾನು ಕೊಂಡು ಮಾರಿ ಕಲಿತ ಅಂದಾಜು, ಊರಿಗೂ ಗಿರಾಕಿಗೂ ತಕ್ಕ ಹಾಗೆ ಮೇಲೆ ಕೆಳಗೆ ಆಗುತ್ತದೆ. ಬಿಡಿಬಿಡಿಯಾಗಿ ಹಿಡಿದರೆ ಹಬ್ಬಿಗೆ ಮೂರು ಸಾವಿರ, ಲೈಟು ಡೈನಮೋ ಜೋಡಿಗೆ ಒಂದೂವರೆಯಿಂದ ಎರಡು, ಹಲ್ಲಿನ ಚಕ್ರ ಮತ್ತು ತೋಳುಗಳಿಗೆ ಒಂದು, ಬ್ರೂಕ್ಸ್ ಆಗಿದ್ದರೆ ಸೀಟಿನ ಕಂಬಿಗೆ ಒಂದು, ಬಿಲ್ಲೆ ಬೆಲ್ಲು ಚೂರುಪಾರು ಸೇರಿ ಇನ್ನೊಂದು. ಹೆಚ್ಚುಕಡಿಮೆ ಎಂಟು ಸಾವಿರ ಆಯಿತು. ಗುಜರಿಯವರು 2,500ಕ್ಕೆ ಕೇಳಿದ್ದು ಯಾಕೆ ಅಂತ ಈಗ ಗೊತ್ತಾಯಿತಲ್ಲ. ಇದು ನಿಮ್ಮ ನೆಲ. ಇದಕ್ಕಿಂತ ಕೆಳಗೆ ಇಳಿಯುವ ಅಗತ್ಯವೇ ಇಲ್ಲ.

ಪೂರ್ತಿ ಸೈಕಲ್ಲಾಗಿ, ಬಿಲ್ಲೆಯಲ್ಲಿ ನಾಟಿಂಗ್‌ಹ್ಯಾಮ್ ಅಂತ ಬಂದು, ಫ್ರೇಮು ನೆಟ್ಟಗಿದ್ದರೆ, ಈಗಿರುವ ಸ್ಥಿತಿಯಲ್ಲೇ 14ರಿಂದ 16 ಸಾವಿರ ಬರಬೇಕು. ಗೇರು ಓಡಿ, ಮೇಲಿನ ಬಣ್ಣ ಎದ್ದು ಒಳಗಿನ ಗೆರೆ ಕಂಡರೆ 20, 22. ಕಾಗದಪತ್ರ ಸಿಕ್ಕರೆ 25ಕ್ಕೆ ಕೇಳಿ, ನಾಚಿಕೆ ಪಡಬೇಡಿ. ಸೇನ್ ರ‍್ಯಾಲಿ ಅಂತ ಬಂದರೆ ಎಂಟರಿಂದ ಹತ್ತಕ್ಕೆ ಕೊಟ್ಟುಬಿಡಬಹುದು, ಅದರಲ್ಲೂ ಜಾಸ್ತಿ ಪಾಲು ಹಬ್ಬಿನದೇ. ತಮ್ಮ ಹೊಸ ಬಣ್ಣ ಹೊಡೆದರೆ ಎಷ್ಟು ಅಂತ ಕೇಳಿದರೆ, ಇಂಗ್ಲೆಂಡಿನದೇ ಆದರೂ ಹತ್ತು ದಾಟುವುದು ಕಷ್ಟ. ಬಣ್ಣ ಹೊಡೆದ ಸೈಕಲ್ಲಿನ ಕೆಳಗೆ ಏನು ಮುಚ್ಚಿಟ್ಟಿದ್ದಾರೋ ಅನ್ನುವ ಅನುಮಾನ ಕೊಳ್ಳುವವನಿಗೆ ಬಂದೇ ಬರುತ್ತದೆ.

ಯಾರಿಗೆ ಮಾರುತ್ತೀರಿ ಅನ್ನುವುದೂ ಬೆಲೆಯೇ. ಬೆಂಗಳೂರು, ಮೈಸೂರಿನಲ್ಲಿ ಹಳೇ ಸೈಕಲ್ ಕೂಡಿಡುವವರು ಇದ್ದಾರೆ. ಅವರು ಹತ್ತು ಫೋಟೋ ಕೇಳುತ್ತಾರೆ, ಪ್ರಶ್ನೆ ಕೇಳಿ ತಲೆ ತಿನ್ನುತ್ತಾರೆ, ಆದರೆ ಮರ್ಯಾದೆಯ ಬೆಲೆ ಕೊಡುತ್ತಾರೆ. ಶೂಟಿಂಗ್‌ಗೆ ಸಾಮಾನು ಬಾಡಿಗೆ ಕೊಡುವವರೂ ಕೊಳ್ಳುತ್ತಾರೆ, ಅವರಿಗೆ ಹಳೆಯದಾಗಿ ಕಂಡರೆ ಸಾಕು, ಇಂಗ್ಲೆಂಡೋ ಆಸನ್ಸೋಲೋ ಬೇಕಿಲ್ಲ. ಕಾಫಿ ಅಂಗಡಿಯವರು ಗೋಡೆ ಅಲಂಕಾರಕ್ಕೆ ಕೇಳುತ್ತಾರೆ. ಅವರಿಗೆ ರ‍್ಯಾಲಿ ಕೊಡಬೇಡಿ, ಗುಲಾಬಿ ಬಣ್ಣ ಬಳಿದು ಬುಟ್ಟಿಯಲ್ಲಿ ಗಿಡ ನೆಡುತ್ತಾರೆ. ನಿಮ್ಮ ಅಪ್ಪನ ಅಟ್ಲಾಸ್ ಬೇಕಾದರೆ ಕೊಡಿ.

ಅಟ್ಲಾಸ್ ಬೆಲೆಯನ್ನೂ ಹೇಳಿಬಿಡುತ್ತೇನೆ. 2020ರ ಜೂನ್ 3ರಂದು, ಅದೂ ವಿಶ್ವ ಸೈಕಲ್ ದಿನವೇ, ಸಾಹಿಬಾಬಾದ್‌ನ ಅಟ್ಲಾಸ್ ಕಾರ್ಖಾನೆ ಬಾಗಿಲು ಹಾಕಿತು. ಆಗ ತುಂಬ ಜನ ಇನ್ನು ಹಳೇ ಅಟ್ಲಾಸಿಗೆ ಬೆಲೆ ಏರುತ್ತದೆ ಅಂದುಕೊಂಡರು. ಏರಲಿಲ್ಲ. ಲಕ್ಷಗಟ್ಟಲೆ ಇವೆ, ಪ್ರತಿ ಊರಿನ ಹಾಲಿನ ಡೇರಿ ಮುಂದೆ ಎರಡು ನಿಂತಿರುತ್ತವೆ. ಓಡುವ ಸ್ಥಿತಿಯಲ್ಲಿದ್ದರೆ ಒಂದೂವರೆಯಿಂದ ಎರಡೂವರೆ ಸಾವಿರ. ಇದಕ್ಕೆ ಬೇಕಾದರೆ ಬಣ್ಣ ಹೊಡೆಸಬಹುದು, ಇಲ್ಲಿ ಕೊಳ್ಳುವವರು ಓಡಿಸಲು ಕೊಳ್ಳುತ್ತಾರೆ. ಹೊಸ ಟೈರು, ನೆಟ್ಟಗಿರುವ ರಿಮ್ಮು, ಹಿಡಿಯುವ ಬ್ರೇಕು, ಇಷ್ಟು ಇದ್ದರೆ ವಾರದಲ್ಲಿ ಹೋಗುತ್ತದೆ. ನನ್ನನ್ನು ಕೇಳಿದರೆ ಮಾರಬೇಡಿ, ತೋಟಕ್ಕೆ ಹೋಗಿಬರಲು ಇಟ್ಟುಕೊಳ್ಳಿ.

ಮೊಬೈಲಿನಲ್ಲಿ ಜಾಹೀರಾತು ಹಾಕುವುದಾದರೆ ಹಕ್ಕಿ ಬಿಲ್ಲೆ, ಹಬ್ಬಿನ ನಂಬರು, ಹಲ್ಲಿನ ಚಕ್ರ, ಫ್ರೇಮಿನ ಜೋಡುಗಳು, ಇವುಗಳ ಹತ್ತಿರದ ಫೋಟೋ ಹಗಲು ಬೆಳಕಿನಲ್ಲಿ ತೆಗೆದು ಹಾಕಿ. ಹರಿದ ಸೀಟನ್ನೂ ಬದಲಾದ ರಿಮ್ಮನ್ನೂ ತೋರಿಸಿ. ಮುಚ್ಚಿಟ್ಟರೆ ಬಂದು ನೋಡಿದ ಮೇಲೆ ಅದನ್ನೇ ಹಿಡಿದು ಎರಡರಷ್ಟು ಇಳಿಸುತ್ತಾರೆ. ಸೈಕಲ್ ನೋಡದೆ, ಬೆಲೆ ಕೇಳದೆ 'ಈಗಲೇ ದುಡ್ಡು ಹಾಕ್ತೀನಿ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ' ಅನ್ನುವ ಫೋನು ಬರುತ್ತದೆ. ದುಡ್ಡು ಪಡೆಯಲು ಯಾವ ಕೋಡನ್ನೂ ಸ್ಕ್ಯಾನ್ ಮಾಡಬೇಕಾಗಿಲ್ಲ, ಪಿನ್ ಒತ್ತಬೇಕಾಗಿಲ್ಲ. ಫೋನ್ ಇಟ್ಟುಬಿಡಿ. ಮತ್ತೆ, ಮಾರುವ ಮೊದಲು ದೊಡ್ಡಪ್ಪ ಚಿಕ್ಕಪ್ಪಂದಿರಿಗೆ ಒಂದು ಮಾತು ಹೇಳಿ. ಸೈಕಲ್ಲಿಗೆ ಆರ್‌ಸಿ ಪುಸ್ತಕ ಇಲ್ಲ, ಆದರೆ ತಾತನ ಸಾಮಾನಿಗೆ ವಾರಸುದಾರರು ಎಲ್ಲಾ ಕಡೆಯಿಂದಲೂ ಹುಟ್ಟುತ್ತಾರೆ. ಗಿರಾಕಿ ಬಾಗಿಲಲ್ಲಿ ನಿಂತಿರುವಾಗ ಜಗಳ ಶುರುವಾದರೆ ಬೆಲೆ ಕಟ್ಟಿ ಏನು ಪ್ರಯೋಜನ.

ಮೊದಲು ಆ ಬಿಲ್ಲೆಯನ್ನು ಬಿಡಿಸಿ, ಒಂದು ಫೋಟೋ ತೆಗೆದು ಕಳಿಸಿ. ಬಣ್ಣದ ಡಬ್ಬದ ಮುಚ್ಚಳ ಇನ್ನೂ ತೆಗೆದಿಲ್ಲ ಅಂದರೆ ಅಂಗಡಿಯವರು ವಾಪಸ್ ತಗೊಳ್ಳಬಹುದು. ತೆಗೆದಾಗಿದ್ದರೆ ಅಟ್ಲಾಸ್ ಇದೆಯಲ್ಲ, ಅದಕ್ಕೆ ಸರಿಯಾಗಿ ಸಾಕಾಗುತ್ತದೆ.